ಹೊಳೆನರಸೀಪುರದಲ್ಲಿ ತುಂಬಿಸಿದ ಪೆಟ್ರೋಲು

ಹಾಸನ

ಭಾರತಕ್ಕೆ ಹೋಗಲು ನನಗೀಗ ವೀಸಾ ಬೇಕು. ಬೋಟ್ಸ್ವಾನಾದ ಫ್ರಾನ್ಸಿಸ್‌ಟೌನ್ ಎಂಬ ಊರಿನಲ್ಲಿ ಮೂವತ್ತೊಂದು ವರ್ಷ ಕಳೆದು, ಅಲ್ಲಿನ ಪ್ರಜೆಯೇ ಆಗಿಬಿಟ್ಟವನು ನಾನು. ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ವಿದೇಶಿಯರ ಸಾಲಿನಲ್ಲಿ ನಿಂತು, ಅಧಿಕಾರಿಯ ಪ್ರಶ್ನೆಗೆ ಕನ್ನಡದಲ್ಲಿ ಉತ್ತರ ಕೊಟ್ಟಾಗ ಅವರು ತಲೆಯೆತ್ತಿ ನೋಡಿ, “ಯಾವೂರಾಯ್ತು?” ಎಂದರು.

ಹೋದ ಕಾರಣ ಸಣ್ಣದು. ನಾನು ಅಲ್ಲಿ ತಾಂತ್ರಿಕ ಕಾಲೇಜೊಂದರಲ್ಲಿ ಗಣಿ ಲಾರಿಗಳ ಡೀಸೆಲ್ ಎಂಜಿನ್ ರಿಪೇರಿ ಕಲಿಸುವ ಮೇಷ್ಟರು. ನಿವೃತ್ತಿ ಹತ್ತಿರ ಬಂತು. ನನ್ನ ಹುಟ್ಟಿದ ತಾರೀಖು ಒಂದು ಕಾಗದದಲ್ಲಿ ಒಂದು ಥರ, ಇನ್ನೊಂದರಲ್ಲಿ ಇನ್ನೊಂದು ಥರ ಇದೆಯೆಂದು ಕಚೇರಿಯವರು ತಕರಾರು ತೆಗೆದರು. ನಾನು ಮೊದಲು ಓದಿದ್ದು ಅರಕಲಗೂಡಿನಲ್ಲಿ. ಅಪ್ಪ ಅಲ್ಲಿ ಆರು ವರ್ಷ ಕನ್ನಡ ಪಂಡಿತರಾಗಿದ್ದರು. ಆ ಶಾಲೆಯ ದಾಖಲೆ ತಂದರೆ ತಕರಾರು ಮುಗಿಯುತ್ತಿತ್ತು.

ಹಾಸನದಲ್ಲಿ ದೊಡ್ಡಮ್ಮನ ಮಗಳು ವಸಂತಕ್ಕನ ಮನೆಯಲ್ಲಿ ಇಳಿದುಕೊಂಡೆ. ಅವಳ ಗಂಡ ಶ್ರೀಕಂಠ ಭಾವ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸಿ ನಿವೃತ್ತರಾದವರು. ಈಗ ಅವರ ಪಾಠವೆಲ್ಲ ಫೋನಿನ ಗುಂಪುಗಳಲ್ಲಿ ನಡೆಯುತ್ತದೆ. ಒಟ್ಟು ಎಷ್ಟು ಗುಂಪುಗಳಲ್ಲಿದ್ದಾರೆಂದು ಅವರಿಗೇ ಲೆಕ್ಕವಿರಲಿಲ್ಲ. ಬೆಳಗಿನ ಕಾಫಿ ಮುಗಿಯುವುದರೊಳಗೆ ಅವರ ಹೆಬ್ಬೆರಳು ಅರ್ಧ ಜಿಲ್ಲೆಗೆ ಶುಭೋದಯ ಹೇಳಿರುತ್ತಿತ್ತು.

ಅಲ್ಲಿದ್ದಷ್ಟು ದಿನವೂ ಆಕಾಶ ಮುಸುಕು ಹಾಕಿಕೊಂಡೇ ಇತ್ತು. ಮಳೆಯೂ ಇಲ್ಲ, ಬಿಸಿಲೂ ಇಲ್ಲ. ಒಣಹಾಕಿದ ನನ್ನ ಅಂಗಿ ಮೂರು ದಿನವಾದರೂ ತೇವವಾಗಿಯೇ ಇತ್ತು. ಸಿಕ್ಕವರೆಲ್ಲ “ಅಲ್ಲಿ ಸಿಂಹ ಇದೆಯಾ?” ಎಂದು ಕೇಳುತ್ತಿದ್ದರು. “ಇದೆ, ಊರೊಳಗಿಲ್ಲ” ಎಂದು ಹೇಳಿ ಹೇಳಿ ನನಗೆ ಬೇಸರ ಬಂದಿತ್ತು. ಎಂಜಿನ್ ವಿಷಯ ಯಾರಾದರೂ ಕೇಳಿದರೆ ಮಾತ್ರ ಉತ್ಸಾಹ ಬರುತ್ತಿತ್ತು. ಭಾವ ನನ್ನನ್ನು ಎಲ್ಲರಿಗೂ “ಫಾರಿನ್‌ನಲ್ಲಿ ಎಂಜಿನ್ ಪ್ರೊಫೆಸರ್” ಎಂದೇ ಪರಿಚಯಿಸುತ್ತಿದ್ದರು. ನಾನು ಒಂದು ಸಲವೂ ತಿದ್ದಲಿಲ್ಲ.

ಹೊಳೆನರಸೀಪುರ

ಅರಕಲಗೂಡಿಗೆ ನೇರವಾಗಿ ಹೋಗಬಹುದಿತ್ತು. ಹೊಳೆನರಸೀಪುರದಲ್ಲಿ ಭಾವ ಯಾರಿಗೋ ಒಂದು ಮದುವೆ ಕರೆಯೋಲೆ ಕೊಡಬೇಕಾಗಿತ್ತು. ಹಾಗಾಗಿ ಸುತ್ತು ಹಾಕಿಕೊಂಡು ಹೊರಟೆವು. ಕಾರು ಭಾವನದು, ಪೆಟ್ರೋಲಿನ ಸಣ್ಣ ಗಾಡಿ, ಆರು ವರ್ಷ ಹಳೆಯದು. ಪೆಟ್ರೋಲಿನ ಮುಳ್ಳು ಕೆಳಗಿಳಿದಿತ್ತು. ಊರಾಚೆಯ ಬಂಕಿನಲ್ಲಿ ನಿಲ್ಲಿಸಿದೆವು.

ಭಾವ ಯಾವತ್ತೂ ಸ್ವಲ್ಪಸ್ವಲ್ಪವೇ ಹಾಕಿಸುವವರು. “ಫುಲ್ ಮಾಡಿಸಿ ಭಾವ” ಎಂದವನು ನಾನು. ಬೋಟ್ಸ್ವಾನಾದ ನಮ್ಮ ಕಡೆ ಒಂದು ಊರು ಬಿಟ್ಟರೆ ಮುಂದಿನ ಬಂಕು ಇನ್ನೂರು ಕಿಲೋಮೀಟರ್ ಆಚೆ. ದಾರಿಯಲ್ಲಿ ಆನೆಗಳು ಸಿಗುತ್ತವೆ, ಪೆಟ್ರೋಲು ಸಿಗುವುದಿಲ್ಲ. ಟ್ಯಾಂಕಿನ ಕುತ್ತಿಗೆಯವರೆಗೆ ತುಂಬಿಸುವುದು ನನಗೆ ಅಭ್ಯಾಸವಾಗಿಬಿಟ್ಟಿದೆ.

ಪೆಟ್ರೋಲು ಹಾಕುತ್ತಿದ್ದವರು ಒಬ್ಬ ಹೆಂಗಸು. ವಯಸ್ಸು ಮೂವತ್ತರ ಆಚೀಚೆ. ಸೀರೆಯ ಮೇಲೆ ಬಂಕಿನ ನೀಲಿ ಅಂಗಿ, ಎದೆಯ ಮೇಲೆ ಹೆಸರಿನ ಪಟ್ಟಿ. ಇಲ್ಲಿ ಆಕೆಯನ್ನು ಸುಧಾ ಎಂದು ಕರೆಯುತ್ತೇನೆ, ನಿಜವಾದ ಹೆಸರು ಬೇರೆ. ಪೈಪಿನ ಮೂತಿ ಟಕ್ ಎಂದು ತಾನೇ ನಿಂತಿತು. ಆಕೆ ಹೊರಗೆ ತೆಗೆಯಲು ಹೋದಾಗ ನಾನು ತಡೆದೆ.

“ಇನ್ನೂ ಹಿಡಿಯುತ್ತೆ, ಹಾಕು.”

“ಕಟ್ಟಾಯ್ತು ಸಾ. ಇನ್ ಆಕಬಾರ್ದು, ಮ್ಯಾಲಕ್ಕೆ ಬತ್ತದೆ.”

“ನನಗೆ ಗೊತ್ತು, ಹಾಕಮ್ಮ.”

ಆಕೆ ಮ್ಯಾನೇಜರ್ ಕಡೆಗೊಮ್ಮೆ ನೋಡಿ, ಮತ್ತೆ ಮೂತಿ ಒಳಗಿಟ್ಟರು. ಸ್ವಲ್ಪಸ್ವಲ್ಪವಾಗಿ, ನಾಲ್ಕೈದು ಸಲ, ಪೆಟ್ರೋಲು ಬಾಯಿಯಲ್ಲಿ ಕಾಣುವವರೆಗೂ ಹಾಕಿಸಿದೆ. ಹಿಂದೆ ಎರಡು ಬೈಕುಗಳು ಹಾರ್ನ್ ಹೊಡೆಯುತ್ತಿದ್ದವು.

ಬಂಕು ಬಿಟ್ಟು ಎರಡು ಕಿಲೋಮೀಟರ್ ಹೋಗಿರಲಿಲ್ಲ, ಕಾರು ಕೆಮ್ಮಲು ಶುರುಮಾಡಿತು. ವೇಗ ಹೆಚ್ಚಿಸಿದರೆ ಜಗ್ಗುತ್ತದೆ, ಕಾಲು ತೆಗೆದರೆ ನಡುಗುತ್ತದೆ. ಒಂದು ತಿರುವಿನಲ್ಲಿ ನಿಂತೇಹೋಯಿತು. ಮತ್ತೆ ಚಾಲೂ ಮಾಡಲು ಹತ್ತು ಸಲ ಕೀಲಿ ತಿರುಗಿಸಬೇಕಾಯಿತು. ಒಳಗೆಲ್ಲ ಪೆಟ್ರೋಲಿನ ವಾಸನೆ. ಭಾವ ಗಾಬರಿಯಿಂದ ನನ್ನ ಮುಖ ನೋಡಿದರು.

“ನೀರು ಸೇರಿದೆ” ಎಂದೆ. “ಗಾಡಿ ಇಲ್ಲಿಯವರೆಗೆ ಚೆನ್ನಾಗಿತ್ತು. ಬದಲಾದದ್ದು ಪೆಟ್ರೋಲು ಒಂದೇ.”

ಮೂವತ್ತು ವರ್ಷ ಮಕ್ಕಳಿಗೆ ಕಲಿಸಿದ ವಾಕ್ಯ ಅದು. ತೊಂದರೆ ಶುರುವಾಗುವ ಮೊದಲು ಕೊನೆಯದಾಗಿ ಏನು ಬದಲಾಯಿತು ಎಂದು ನೋಡಿ. ವಾಕ್ಯ ಸರಿಯಾಗಿಯೇ ಇತ್ತು.

ಜಗ್ಗುವ ಗಾಡಿಯನ್ನು ಹಾಗೇ ತಿರುಗಿಸಿಕೊಂಡು ಬಂಕಿಗೆ ಹೋದೆವು. ನಮ್ಮ ಫ್ರಾನ್ಸಿಸ್‌ಟೌನಿನಲ್ಲಿ ಯಾರನ್ನೇ ಮಾತಾಡಿಸಬೇಕಾದರೂ ಮೊದಲು ‘ದುಮೆಲಾ’ ಎಂದು ನಮಸ್ಕರಿಸಿ, ಹೇಗಿದ್ದೀರಿ ಎಂದು ಕೇಳಲೇಬೇಕು. ಪೊಲೀಸನಿಗೂ ಭಿಕ್ಷುಕನಿಗೂ ಅದೇ ಮರ್ಯಾದೆ. ಅಷ್ಟು ಮಾಡದೆ ಮಾತು ಶುರುಮಾಡಿದವನನ್ನು ಅಲ್ಲಿ ಮನುಷ್ಯನೆಂದೇ ಎಣಿಸುವುದಿಲ್ಲ. ಆ ದಿನ ನಾನು ಕಾರಿಳಿದವನೇ ಆಕೆಗೆ ಬೆರಳು ತೋರಿಸಿದೆ.

“ಏನು ಬೆರೆಸಿದ್ದೀಯ ಇದರಲ್ಲಿ?”

ಆಕೆಗೆ ಮೊದಲು ಅರ್ಥವೇ ಆಗಲಿಲ್ಲ. “ಏನಾಯ್ತು ಸಾ?”

“ನೀರು ತುಂಬಿ ಕಳಿಸಿದ್ದೀಯ. ಎಂಜಿನ್ ನಿಂತುಹೋಯಿತು.”

“ಬೆಳಗ್ಗಿಂದ ಎಷ್ಟೊಂದ್ ಗಾಡಿಗ್ ಆಕಿವ್ನಿ ಸಾ. ಒಬ್ರೂ ತಿರುಗ್ ಬಂದಿಲ್ಲ. ನಾನ್ಯಾಕ್ ಬೆರೆಸ್ಲಿ?”

ಮ್ಯಾನೇಜರ್ ಓಡಿ ಬಂದರು. ಅವರ ಕೈಯಲ್ಲಿ ಫಿಲ್ಟರ್ ಕಾಗದವಿತ್ತು. “ಸಾರ್, ನೀವೇ ಒಂದು ತೊಟ್ಟು ಬಿಟ್ಟು ನೋಡಿ. ಕಲೆ ಉಳಿದರೆ ಕೇಳಿ. ನೀರಿನ ಪರೀಕ್ಷೆಗೂ ಸಾಮಾನಿದೆ, ಐದು ನಿಮಿಷ ಕೂತ್ಕೊಳ್ಳಿ.”

ಐದು ನಿಮಿಷ. ಅಷ್ಟನ್ನು ನಾನು ಕೊಡಲಿಲ್ಲ. “ಈ ಕಾಗದದ ಆಟವೆಲ್ಲ ನನ್ನ ಹತ್ತಿರ ಬೇಡ. ಮೂವತ್ತು ವರ್ಷ ಹೊರದೇಶದಲ್ಲಿ ಎಂಜಿನ್ ಕಲಿಸಿದವನು ನಾನು. ಇಂಥ ಕೆಲಸ ಅಲ್ಲಿ ಮಾಡಿದ್ದರೆ ಜೈಲಿಗೆ ಹಾಕುತ್ತಿದ್ದರು. ಬೆಳಗಿನಿಂದ ಎಷ್ಟು ಜನಕ್ಕೆ ಹೀಗೆ ಮೋಸ ಮಾಡಿದ್ದೀಯ?” ಜನ ಸೇರಿದ್ದರು. ಸೇರಿದಷ್ಟೂ ನನ್ನ ದನಿ ಏರಿತು. ಸುಧಾ ಪೈಪು ಹಿಡಿದುಕೊಂಡೇ ನಿಂತಿದ್ದರು. ಏನೋ ಹೇಳಲು ಬಾಯಿ ತೆರೆದರು. ನಾನು ಕೈಯೆತ್ತಿ ಸುಮ್ಮನಾಗಿಸಿದೆ.

ನನ್ನ ಹೆಗಲ ಹಿಂದೆ ಭಾವ ಫೋನು ಎತ್ತಿ ಹಿಡಿದಿದ್ದರು. ಅದು ನನಗೆ ಓರೆಗಣ್ಣಿನಲ್ಲಿ ಕಾಣಿಸುತ್ತಿತ್ತು. ಬೇಡ ಎನ್ನಲಿಲ್ಲ.

ಅರಕಲಗೂಡು

ಮ್ಯಾನೇಜರ್ ಪೆಟ್ರೋಲು ಇಳಿಸಿ ಬೇರೆ ಹಾಕಿಕೊಡುತ್ತೇನೆಂದರು. ಅದೇ ಟ್ಯಾಂಕಿನ ಪೆಟ್ರೋಲನ್ನು ಮತ್ತೆ ತುಂಬಿಸಿಕೊಳ್ಳಲು ನಾನು ದಡ್ಡನೇ ಎಂದು ಕೇಳಿ ಹೊರಟುಬಿಟ್ಟೆ. ಗಾಡಿ ಕೆಮ್ಮುತ್ತಲೇ ಅರಕಲಗೂಡು ಮುಟ್ಟಿತು. ಊರು ಹತ್ತಿರವಾಗುವ ಹೊತ್ತಿಗೆ ಕೆಮ್ಮು ಕಡಿಮೆಯಾಗಿತ್ತು. ಸಂಜೆ ಹಾಸನಕ್ಕೆ ವಾಪಸಾಗುವಾಗ ಕೆಮ್ಮು ಪೂರ್ತಿ ನಿಂತಿತ್ತು.

“ಹೇಗೆ ಸರಿಹೋಯಿತು?” ಎಂದು ಭಾವ ಕೇಳಿದರು.

“ನೀರು ತಳದಲ್ಲಿ ಕೂತಿದೆ. ಮೇಲಿನ ಪೆಟ್ರೋಲು ಈಗ ಹೋಗುತ್ತಿದೆ” ಎಂದೆ. ಟ್ಯಾಂಕಿನಿಂದ ಪೆಟ್ರೋಲು ಎಳೆಯುವ ಪಂಪು ಇರುವುದೇ ತಳದಲ್ಲಿ. ನೀರಿದ್ದರೆ ಮೊದಲು ಎಳೆಯುವುದು ಅದನ್ನೇ. ಇದು ನನಗೆ ಗೊತ್ತಿಲ್ಲದ್ದೇನಲ್ಲ. ಆದರೂ ಹಾಗೆ ಹೇಳಿದೆ, ಭಾವ ತಲೆಯಾಡಿಸಿದರು.

ಶಾಲೆಯ ಗುಮಾಸ್ತೆ ತಾಳ್ಮೆಯ ಮನುಷ್ಯ. ಬೀರುವಿನಿಂದ ಹಳೆಯ ದಾಖಲಾತಿ ಪುಸ್ತಕಗಳನ್ನು ಒಂದೊಂದಾಗಿ ತೆಗೆದು, ಗೆದ್ದಲು ಕೊಡವಿ, ಬೆರಳಿಟ್ಟು ಹುಡುಕಿದರು. ಎರಡು ಗಂಟೆಯಾದ ಮೇಲೆ ನನ್ನ ಹೆಸರು ಸಿಕ್ಕಿತು. ಬರೆದಿದ್ದವರು ಅಪ್ಪನೇ, ಅಕ್ಷರ ನೋಡಿದ ಕೂಡಲೇ ತಿಳಿಯಿತು. ಶಾಲೆಗೆ ಬೇಗ ಸೇರಿಸಲೆಂದು ನನಗೆ ಹತ್ತು ತಿಂಗಳು ಹೆಚ್ಚು ವಯಸ್ಸು ಕೊಟ್ಟಿದ್ದರು. ನಮ್ಮ ಕಚೇರಿಯವರು ಕೇಳುತ್ತಿದ್ದ ತಪ್ಪು ಅಲ್ಲೇ ಇತ್ತು. ಸುಳ್ಳು ಬರೆಯದ ಮನುಷ್ಯ ಎಂದು ಇಷ್ಟು ದಿನ ನಂಬಿದ್ದ ಅಪ್ಪನ ದುಂಡನೆಯ ಅಕ್ಷರವನ್ನು ನೋಡುತ್ತ ನಿಂತೆ. ಗುಮಾಸ್ತೆ ನಕ್ಕು, “ಆಗೆಲ್ಲ ಮೇಷ್ಟ್ರುಗಳೇ ಇಂಗ್ ಬರೀತಿದ್ರು ಬಿಡಿ ಸಾ” ಎಂದರು.

ಹೊರಗೆ ಬಂದಾಗ ಭಾವ ಕಾರಿಗೊರಗಿ ಫೋನು ನೋಡುತ್ತಿದ್ದರು. ಮುಖ ಅರಳಿತ್ತು. “ಬಂಕಿನ ವಿಡಿಯೊ ನಮ್ಮ ಗುಂಪಿಗೆ ಹಾಕಿದ್ದೆ. ಎಲ್ಲ ಕಡೆ ಹೋಗ್ತಾ ಇದೆ ಕಣೋ. ಇಂಥವರಿಗೆ ಹೀಗೇ ಬುದ್ಧಿ ಕಲಿಸಬೇಕು ಅಂತ ಬರೀತಿದ್ದಾರೆ, ನೋಡು.”

ನೋಡಿದೆ. ಒಂದೂವರೆ ನಿಮಿಷದ ವಿಡಿಯೊ. ಕಟ್ಟಾಯ್ತು, ಇನ್ನು ಹಾಕಬಾರದು ಎಂದು ಆಕೆ ಹೇಳಿದ ಮಾತು ಅದರಲ್ಲಿಲ್ಲ, ಅದು ನಡೆದದ್ದು ಮೊದಲು. ಇರುವುದು ನನ್ನ ಕೂಗಾಟ ಮಾತ್ರ. ಕೆಳಗೆ ಚಪ್ಪಾಳೆಯ ಗುರುತುಗಳು ಸಾಲಾಗಿ ಬಂದಿದ್ದವು. ಖುಷಿಯಾಯಿತೆಂದು ಇಲ್ಲಿ ಒಪ್ಪಿಕೊಳ್ಳಬೇಕು. ಸಂಜೆ ವಸಂತಕ್ಕನಿಗೂ ತೋರಿಸಿದೆ. ಅವಳು ನೋಡಿ, “ಪಾಪ, ಆ ಹುಡುಗಿ ಮುಖ ಎಷ್ಟು ಸಣ್ಣಗಾಗಿದೆ” ಎಂದಷ್ಟೇ ಹೇಳಿ ಒಳಗೆ ಹೋದಳು.

ಶೆಟ್ಟಿಹಳ್ಳಿ

ಅದಾದ ಮೂರನೆಯ ದಿನ ಶೆಟ್ಟಿಹಳ್ಳಿಯ ಮುಳುಗುವ ಚರ್ಚು ನೋಡಲು ಹೋದೆವು. ಹಿನ್ನೀರು ಅರ್ಧದವರೆಗೆ ಏರಿತ್ತು. ಛಾವಣಿಯಿಲ್ಲದ ಗೋಡೆಗಳ ನಡುವೆ ನೀರು ಅಲುಗದೆ ನಿಂತಿತ್ತು, ಮೇಲೆ ಬೂದು ಆಕಾಶ. ತೆಪ್ಪದವನೊಬ್ಬ ಕರೆದ, ನಾವು ಹತ್ತಲಿಲ್ಲ. ದಂಡೆಯ ತುಂಬ ಕಾರುಗಳು, ಫೋಟೊ ತೆಗೆಸಿಕೊಳ್ಳುವ ಜೋಡಿಗಳು. ನಮ್ಮ ಕಡೆ ಪಾಳುಬಿದ್ದ ಜಾಗಕ್ಕೆ ಜನ ಹೋಗುವುದಿಲ್ಲ, ಸತ್ತ ಹಿರಿಯರಿಗೆ ತೊಂದರೆಯಾಗುತ್ತದೆ ಎನ್ನುತ್ತಾರೆ. ಇಲ್ಲಿ ಚುರುಮುರಿ ಮಾರುತ್ತಿದ್ದರು.

ಚುರುಮುರಿಯವನು ಪೊಟ್ಟಣ ಕೊಡುತ್ತ ನನ್ನ ಅಗಲ ಅಂಚಿನ ಟೋಪಿಯನ್ನೇ ನೋಡಿದ.

“ಬಂಕ್ ವಿಡಿಯೊದಾಗೆ ಇರೋರು ನೀವೇ ಅಲ್ವಾ ಸಾ? ಟೋಪಿ ನೋಡಿ ಗುರ್ತ್ ಇಡ್ದೆ. ಸರ್ಯಾಗ್ ಕೇಳುದ್ರಿ ಬಿಡಿ. ಆವಮ್ಮನ್ನ ಕೆಲ್ಸದಿಂದ ತೆಗುದ್ರಂತಲ್ಲ?”

ನನಗೆ ಗೊತ್ತಿರಲಿಲ್ಲ. ಭಾವನಿಗೆ ಗೊತ್ತಿತ್ತು. ಹಿಂದಿನ ದಿನವೇ ಅವರ ಗುಂಪಿನಲ್ಲಿ ಯಾರೋ ಹಾಕಿದ್ದರಂತೆ. ಬಂಕಿನ ಮಾಲೀಕರು ಆಕೆಯನ್ನು ಕೆಲಸ ಬಿಡಿಸಿ, ‘ಕ್ರಮ ಕೈಗೊಳ್ಳಲಾಗಿದೆ’ ಎಂದು ತಿಳಿಸಿದ್ದರು.

“ನನಗೆ ಯಾಕೆ ಹೇಳಲಿಲ್ಲ ಭಾವ?”

“ಹೇಳೋದೇನಿದೆ? ಒಳ್ಳೇದೇ ಆಯ್ತಲ್ಲ.”

ಚುರುಮುರಿ ಕೈಯಲ್ಲೇ ಉಳಿಯಿತು. ಆಕೆಯನ್ನು ಕೆಲಸದಿಂದ ತೆಗೆಯಲಿ ಎಂದು ನಾನು ಬಯಸಿರಲಿಲ್ಲ. ಪೆಟ್ರೋಲಿಗೆ ನೀರು ಸೇರಿಸುವುದು ಪೈಪು ಹಿಡಿದವರ ಕೈಯಲ್ಲಿ ಇರುವ ಕೆಲಸವೇ ಅಲ್ಲ. ಅದು ಯಾವ ದಡ್ಡನಿಗೂ ಗೊತ್ತಾಗುವ ಮಾತು. ಬಂಕಿನಲ್ಲಿ ಬೈಸಿಕೊಳ್ಳಲು ಎದುರಿಗೆ ಸಿಕ್ಕವರು ಆಕೆ, ಅಷ್ಟೇ.

ಚನ್ನರಾಯಪಟ್ಟಣ

ಐದನೆಯ ದಿನ ಚನ್ನರಾಯಪಟ್ಟಣದಲ್ಲಿ ನೆಂಟರ ಮನೆಯ ನಾಮಕರಣ. ಕೆಟ್ಟ ಪೆಟ್ರೋಲು ಉಳಿದಿದ್ದರೆ ಒಳ್ಳೆಯದರ ಜೊತೆ ಬೆರೆತು ತೆಳುವಾಗಲಿ ಎಂದು ಹಾಸನದಲ್ಲಿ, ಭಾವ ಬಹಳ ನಂಬುವ ಬಂಕಿನಲ್ಲಿ, ಮತ್ತೆ ಬಾಯಿಯವರೆಗೆ ತುಂಬಿಸಿದೆ. ಹೆದ್ದಾರಿಯಲ್ಲಿ ಸ್ವಲ್ಪ ದೂರ ಹೋಗುವಷ್ಟರಲ್ಲೇ ಅದೇ ಕೆಮ್ಮು, ಅದೇ ನಡುಕ, ಅದೇ ವಾಸನೆ.

ಭಾವ “ಇಲ್ಲೂ ಬೆರೆಸ್ತಾರಾ?” ಎಂದರು. ನಾನು ರಸ್ತೆಯ ಪಕ್ಕ ಗ್ಯಾರೇಜು ಹುಡುಕತೊಡಗಿದೆ.

ಚನ್ನರಾಯಪಟ್ಟಣ ಹೊಕ್ಕ ಕೂಡಲೇ ಸಿಕ್ಕ ಗ್ಯಾರೇಜಿಗೆ ಗಾಡಿ ತಿರುಗಿಸಿದೆವು. ತಗಡಿನ ಚಪ್ಪರ, ಅದರ ಕೆಳಗೆ ಒಬ್ಬರೇ ಮೆಕ್ಯಾನಿಕ್. ಹೆಸರು ರಂಗಸ್ವಾಮಿ. ಐವತ್ತು ದಾಟಿದವರು, ಕನ್ನಡಕಕ್ಕೆ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದರು. ನಾನು ನೀರು, ಕಲಬೆರಕೆ ಎಂದು ಶುರುಮಾಡಿದೆ. ಅವರು ಪೂರ್ತಿ ಕೇಳಿ, ಡಾಕ್ಟರು ರೋಗಿಯನ್ನು ಕೇಳಿದ ಹಾಗೆ ಕೇಳತೊಡಗಿದರು.

“ಬರೀ ಪೆಟ್ರೋಲ್ ಆಕಿಸ್ದಾಗ್ಲೇ ಇಂಗ್ ಆಗದಾ, ಬ್ಯಾರೆ ಟೇಮ್‌ನಾಗೂ ಆಗ್ತದಾ?”

“ಹಾಕಿಸಿದ ಮೇಲೆ ಮಾತ್ರ.”

“ಆಮ್ಯಾಕೆ ತಾನೇ ಸರಿಹೋಯ್ತದಾ?”

“ಅರ್ಧ ದಿನದಲ್ಲಿ.”

“ಸ್ವಲ್ಪ ಆಕಿಸ್ದಾಗ?”

ಭಾವ ಹೇಳಿದರು: “ನಾನು ಸ್ವಲ್ಪವೇ ಹಾಕಿಸೋದು. ಆರು ವರ್ಷದಲ್ಲಿ ಏನೂ ಆಗಿರಲಿಲ್ಲ.”

ರಂಗಸ್ವಾಮಿ ಕನ್ನಡಕ ಮೂಗಿಗೇರಿಸಿದರು. “ಕಟ್ಟಾದ ಮ್ಯಾಲೂ ಆಕಿಸಿದ್ರಾ?”

ನಾನು ಹೂಂ ಎಂದೆ.

ಅವರು ಒಂದು ಗಾಜಿನ ಬಾಟಲಿಗೆ ಸ್ವಲ್ಪ ಪೆಟ್ರೋಲು ಇಳಿಸಿ ಬೆಳಕಿಗೆ ಹಿಡಿದರು. “ನೋಡಿ ಸಾ. ನೀರಿದ್ರೆ ತಳದಾಗೆ ಬ್ಯಾರೆ ಕೂರ್ತದೆ. ಏನೂ ಇಲ್ಲ, ಚೆನ್ನಾಗೈತೆ.” ಆಮೇಲೆ ಎಂಜಿನ್ ಚಾಲೂ ಇಟ್ಟುಕೊಂಡೇ, ಮೇಲಿನ ಒಂದು ತೆಳುವಾದ ರಬ್ಬರ್ ಪೈಪನ್ನು ಬೆರಳುಗಳಿಂದ ಅದುಮಿ ಹಿಡಿದರು. ನಡುಗುತ್ತಿದ್ದ ಎಂಜಿನ್ ನಾಲ್ಕು ಉಸಿರಿನಲ್ಲಿ ಸಮನಾಯಿತು. ಬಿಟ್ಟರು, ಮತ್ತೆ ಕೆಮ್ಮಿತು. ಹಿಡಿದರು, ಸುಮ್ಮನಾಯಿತು.

ಕೊನೆಗೆ ಟ್ಯಾಂಕಿನ ಪಕ್ಕದಿಂದ ಒಂದು ಕಪ್ಪು ಡಬ್ಬಿ ಬಿಚ್ಚಿ ತಂದು ನನ್ನ ಮುಂದೆ ಬಗ್ಗಿಸಿದರು. ಪೆಟ್ರೋಲು ತೊಟ್ಟಿಕ್ಕಿತು. ಟ್ಯಾಂಕಿನ ಆವಿಯನ್ನು ಹಿಡಿದಿಟ್ಟುಕೊಳ್ಳುವ ಇದ್ದಿಲಿನ ಡಬ್ಬಿ ಅದು. ಎಂಜಿನ್ ಅದರಿಂದ ಆವಿಯನ್ನಷ್ಟೇ ಸ್ವಲ್ಪಸ್ವಲ್ಪ ಎಳೆದುಕೊಂಡು ಉರಿಸಬೇಕು. ಟ್ಯಾಂಕು ಮಿತಿಮೀರಿ ತುಂಬಿದರೆ ಪೆಟ್ರೋಲೇ ಅದರೊಳಗೆ ನುಗ್ಗುತ್ತದೆ. ಆಗ ಎಂಜಿನ್‌ಗೆ ಬೇಡದಷ್ಟು ಪೆಟ್ರೋಲು ಕುಡಿಸಿದಂತಾಗಿ ಉಸಿರು ಕಟ್ಟುತ್ತದೆ.

“ಬಂಕ್‌ನೋರ್ದು ತಪ್ಪಿಲ್ಲ ಕಣ್ ಸಾ. ಕಟ್ಟಾದ್ಮೇಲೆ ಆಕ್ಲೇಬಾರ್ದು. ಅದ್ಕೇ ತಾನೆ ಅದು ಕಟ್ಟಾಗದು?”

ಗಣಿ ಲಾರಿಯ ಡೀಸೆಲ್‌ಗೆ ಈ ಡಬ್ಬಿ ಇರುವುದಿಲ್ಲ. ಅದನ್ನು ನೆಪ ಮಾಡಿಕೊಳ್ಳಬಹುದಿತ್ತು. ಆದರೆ ಇದ್ದಿಲಿನ ಡಬ್ಬಿಯ ಚಿತ್ರ ನಮ್ಮ ಮೊದಲ ವರ್ಷದ ಪುಸ್ತಕದಲ್ಲಿದೆ, ಪ್ರತಿ ವರ್ಷ ಬೋರ್ಡಿನ ಮೇಲೆ ಬರೆಯುವವನು ನಾನೇ. ಹೊರಗೆ ಒಂದು ಕಲ್ಲಿನ ಮೇಲೆ ಕುಳಿತೆ. ರಂಗಸ್ವಾಮಿ ಡಬ್ಬಿಯನ್ನು ಬದಲಿಸಿದರು, ಗಾಡಿ ಸರಿಯಾಯಿತು. ಆ ದಿನ ನಾಮಕರಣದ ಊಟ ನನಗೆ ಸೇರಲಿಲ್ಲ.

ಮತ್ತೆ ಹೊಳೆನರಸೀಪುರ

ಮರುದಿನ ಬಂಕಿಗೆ ಹೋಗೋಣ ಎಂದೆ. ಭಾವ ಒಪ್ಪಲಿಲ್ಲ. “ಮುಗಿದ ವಿಷಯ ಬಿಡು. ಈಗ ಹೋಗಿ ತಪ್ಪು ನಮ್ಮದು ಅಂದರೆ, ವಿಡಿಯೊ ಹಾಕಿದವನು ನಾನು, ನನ್ನ ಮರ್ಯಾದೆ ಏನಾಗಬೇಕು?” ಎಂದರು. ಕೀಲಿ ಮಾತ್ರ ಕೊಟ್ಟರು. ಅಂತರರಾಷ್ಟ್ರೀಯ ಲೈಸೆನ್ಸು ಜೇಬಿನಲ್ಲಿಟ್ಟುಕೊಂಡು ಒಬ್ಬನೇ ಹೋದೆ.

ಸುಧಾ ನಿಲ್ಲುತ್ತಿದ್ದ ಜಾಗದಲ್ಲಿ ಬೇರೆ ಯಾರೋ ಗಂಡಸು ನಿಂತಿದ್ದರು. ಮ್ಯಾನೇಜರ್ ನನ್ನ ಮಾತು ಕೇಳಿ ಮುಖ ಆಚೆ ತಿರುಗಿಸಿದರು.

“ಅವತ್ತು ಐದು ನಿಮಿಷ ಕೂತ್ಕೊಳ್ಳಿ ಅಂದಿದ್ದೆ ಸಾರ್. ಈಗ ಬಂದು ಏನ್ ಪ್ರಯೋಜನ? ಮೂರು ವರ್ಷದಿಂದ ಒಂದು ದಿನ ಲೇಟಾಗಿ ಬಂದೋರಲ್ಲ ಅವರು. ಮಾಲೀಕರಿಗೆ ನಾನೂ ಹೇಳಿದೆ. ಊರೆಲ್ಲ ನೋಡಿಬಿಟ್ಟಿದೆ, ಯಾರನ್ನಾದರೂ ತೆಗೀಲೇಬೇಕು ಅಂದರು.”

ಆಕೆ ಇಲ್ಲಿ ಬಾಡಿಗೆ ಕೋಣೆ ಖಾಲಿ ಮಾಡಿ, ಮಗಳನ್ನು ಕರೆದುಕೊಂಡು ಬಾಗೂರಿನ ಹತ್ತಿರದ ಅಣ್ಣನ ಮನೆಗೆ ಹೋಗಿದ್ದರು. ಊರಿನ ಹೆಸರನ್ನು ಮ್ಯಾನೇಜರ್ ಬಹಳ ಹೊತ್ತು ಯೋಚಿಸಿ ಹೇಳಿದರು. “ಜಗಳಕ್ಕಲ್ಲ ತಾನೆ ಸಾರ್?” ಎಂದು ಎರಡು ಸಲ ಕೇಳಿದರು.

ಬಾಗೂರಿನ ಹಾದಿ

ಬಾಗೂರಿನ ಸಂತೆಬೀದಿ ದಾಟಿ, ತೆಂಗಿನ ತೋಟಗಳ ನಡುವಿನ ದಾರಿಯಲ್ಲಿ ಮೂರು ಕಡೆ ವಿಚಾರಿಸಿಕೊಂಡು ಹೋದೆ. ಸುಧಾ ಅಂಗಳದಲ್ಲಿ ಕುಳಿತು ತೆಂಗಿನ ಗರಿ ಸೀಳಿ ಪೊರಕೆ ಕಡ್ಡಿ ತೆಗೆಯುತ್ತಿದ್ದರು. ಬಾಗಿಲಲ್ಲಿ ಅತ್ತಿಗೆ ಇರಬೇಕು, ಸೆರಗು ಹೊದ್ದು ನಿಂತಿದ್ದರು.

“ನಮಸ್ಕಾರ. ನಾನು…”

“ಗೊತ್ತಾಯ್ತು ಸಾ” ಎಂದರು, ಕಡ್ಡಿಯಿಂದ ಕಣ್ಣೆತ್ತದೆ.

ಆ ಪ್ರವಾಸದಲ್ಲಿ ನಾನು ಮೆಟ್ಟಿಲು ತುಳಿದ ಮನೆಗಳಲ್ಲೆಲ್ಲ ಕೂರುವ ಮೊದಲೇ ನೀರು, ಕಾಫಿ ಬಂದಿತ್ತು. ಬೇಡವೆಂದರೂ ಬಿಡುತ್ತಿರಲಿಲ್ಲ. ಈ ಅಂಗಳದಲ್ಲಿ ಯಾರೂ ಕೂರಿ ಎನ್ನಲಿಲ್ಲ. ನಿಂತೇ ಎಲ್ಲವನ್ನೂ ಹೇಳಿದೆ. ರಬ್ಬರ್ ಪೈಪು, ಕಪ್ಪು ಡಬ್ಬಿ, ಗಾಜಿನ ಬಾಟಲಿ, ಒಂದನ್ನೂ ಬಿಡಲಿಲ್ಲ. ಆಕೆಯ ಕೈ ನಿಲ್ಲಲಿಲ್ಲ.

“ಅಂದ್ರೆ ಪೆಟ್ರೋಲ್ ಚೆನ್ನಾಗೇ ಇತ್ತು.”

“ಚೆನ್ನಾಗೇ ಇತ್ತು.”

“ಕಟ್ಟಾಯ್ತು, ಆಕಬಾರ್ದು ಅಂತ ನಾನ್ ಅಂದಿದ್ದು ನಿಮಗೆ ಕೇಳ್ಸಿತ್ತಾ ಸಾ?”

“ಕೇಳಿಸಿತ್ತು.”

“ಮತ್ತೆ ಅಷ್ಟ್ ಜನದ ಮುಂದೆ ಅದನ್ಯಾಕ್ ಏಳ್ಲಿಲ್ಲ?”

ಆಕೆ ಮೊದಲ ಸಲ ನನ್ನ ಮುಖ ನೋಡಿದರು.

“ಗಂಡನ್ನ ಬಿಟ್ ಬಂದೋಳು ನಾನು. ಅಣ್ಣಯ್ಯನ ಮನೇಲಿ ಕೂತ್ ಉಣ್ಣಬಾರ್ದು ಅಂತ್ಲೇ ಆ ಕೆಲ್ಸಕ್ ಸೇರಿದ್ದು. ಮಗೂನ ಅಲ್ಲೇ ಇಸ್ಕೂಲಿಗ್ ಆಕಿದ್ದೆ, ಮೂರ್ನೇ ಕ್ಲಾಸು. ವಿಡಿಯೊ ಅವಳ ಇಸ್ಕೂಲ್‌ನೋರ ಫೋನ್ಗೂ ಓಯ್ತು. ರಾತ್ರಿ ಪಕ್ಕದಲ್ ಮಲಗಿದ್ದೋಳು ಕೇಳ್ತಾಳೆ, ಅವ್ವಾ ನೀನು ನೀರ್ ಬೆರ್ಸಿದ್ಯಾ ಅಂತ. ಇಲ್ಲ ಕಣವ್ವ ಅಂದೆ. ನಂಬುದ್ಲೋ ಇಲ್ವೋ ನಂಗಿನ್ನೂ ಗೊತ್ತಿಲ್ಲ.”

“ನಾನೇನು ಮಾಡಲಿ ಹೇಳಿ. ಮಾಲೀಕರ ಹತ್ತಿರ ಮಾತಾಡುತ್ತೇನೆ.”

“ಅವ್ರು ಕರೆಯಾಕಿಲ್ಲ. ನೀವೂ ಒಂದ್ ವಿಡಿಯೊ ಮಾಡಿ. ನಿಮ್ಮ ಬಾಯಲ್ಲೇ ಏಳಿ.”

ಆಕೆಯೇ ಎದ್ದು ಸೆರಗಿಗೆ ಕೈ ಒರೆಸಿಕೊಂಡು ನನ್ನ ಫೋನು ಹಿಡಿದರು. ನಾನು ಟೋಪಿ ತೆಗೆದು, ಗೋಡೆಯ ಮುಂದೆ ನಿಂತು ಶುರುಮಾಡಿದೆ. ಟ್ಯಾಂಕಿನ ರಚನೆ, ಆವಿ, ಡಬ್ಬಿಯ ಕೆಲಸ. ಆಕೆ ಅರ್ಧದಲ್ಲೇ ಫೋನು ಇಳಿಸಿದರು.

“ಅದೆಲ್ಲ ಬ್ಯಾಡ ಸಾ. ಯಾರಿಗ್ ತಿಳಿತದೆ ಡಬ್ಬಿ ಗಿಬ್ಬಿ? ನಂದು ತಪ್ಪು ಅಂತ ಏಳಿ, ಸಾಕು.”

ಎರಡನೆಯ ಸಲ ‘ಒಂದು ತಾಂತ್ರಿಕ ಕಾರಣದಿಂದ’ ಎಂದುಬಿಟ್ಟೆ. ಅದೂ ಬೇಡವೆಂದರು. ಮೂರನೆಯ ಸಲ ಸರಿಹೋಯಿತು. ಆಕೆ ಹಾಕಬೇಡಿ ಎಂದರೂ ನಾನೇ ಹಾಕಿಸಿದೆ, ಪೆಟ್ರೋಲಿನಲ್ಲಿ ಏನೂ ಇರಲಿಲ್ಲ, ಆಕೆಯದು ಏನೂ ತಪ್ಪಿಲ್ಲ, ತಪ್ಪು ನನ್ನದು. ಅರ್ಧ ನಿಮಿಷವೂ ಆಗಲಿಲ್ಲ. ಸುಧಾ ಅದನ್ನು ಎರಡು ಸಲ ನೋಡಿ ಫೋನು ವಾಪಸು ಕೊಟ್ಟರು.

“ಅದ್ನ ನೋಡ್ದೋರೆಲ್ಲ ಇದ್ನೂ ನೋಡ್ತಾರಾ ಸಾ?”

“ನೋಡುತ್ತಾರೆ” ಎಂದೆ. ನೋಡುತ್ತಾರೋ ಇಲ್ಲವೋ ನನಗೆ ಗೊತ್ತಿರಲಿಲ್ಲ.

ಆಕೆ ಮತ್ತೆ ಗರಿಗಳ ಮುಂದೆ ಕುಳಿತರು. ಹೋಗಿ ಬರುತ್ತೇನೆ ಎಂದಾಗ ತಲೆಯಾಡಿಸಿದರು. ಅತ್ತಿಗೆ ಒಳಗೆ ಹೋಗಿ ಕದ ಮುಂದೆ ಮಾಡಿಕೊಂಡರು.

ಫ್ರಾನ್ಸಿಸ್‌ಟೌನ್

ಆ ವಿಡಿಯೊವನ್ನು ಭಾವ ತಮ್ಮ ಗುಂಪುಗಳಿಗೆ ಹಾಕಲಿಲ್ಲ. ವಸಂತಕ್ಕ ತನ್ನ ಭಜನೆಯ ಗುಂಪಿಗೆ ಹಾಕಿದಳು. ನಾನು ಹಾಸನದ ಕಡೆ ನನಗೆ ತಿಳಿದವರಿಗೆಲ್ಲ ಕಳಿಸಿದೆ. ಬಂಕಿನ ಮ್ಯಾನೇಜರಿಗೂ ರಂಗಸ್ವಾಮಿಯವರಿಗೂ ಕಳಿಸಿದೆ. ಕೆಲವರು ಕೈಮುಗಿದ ಚಿತ್ರ ಕಳಿಸಿದರು. ಒಬ್ಬರು, ಯಾಕೆ ಸುಮ್ಮನೆ ನಿಮ್ಮನ್ನು ನೀವೇ ಚಿಕ್ಕವರಾಗಿ ಮಾಡಿಕೊಳ್ಳುತ್ತೀರಿ ಎಂದು ಬರೆದರು. ಮಾಲೀಕರಿಂದ ಉತ್ತರವೇ ಬರಲಿಲ್ಲ.

ಊರಿಗೆ ಬಂದ ಮೇಲೆ ರಂಗಸ್ವಾಮಿಯವರಿಗೆ ಫೋನು ಮಾಡುತ್ತಿರುತ್ತೇನೆ. ಬಾಗೂರಿನ ಕಡೆಯ ಗಾಡಿಗಳು ಅವರಲ್ಲಿಗೆ ಬರುತ್ತವೆ, ಸುದ್ದಿಯೂ ಬರುತ್ತದೆ. ಸುಧಾ ಈಗ ಹಾಸನದ ಬಟ್ಟೆ ಕಾರ್ಖಾನೆಯೊಂದರಲ್ಲಿ ಹೊಲಿಗೆಗೆ ಕೂರುತ್ತಾರಂತೆ, ಅಲ್ಲೇ ನಾಲ್ಕು ಹೆಂಗಸರ ಜೊತೆ ಒಂದು ಕೋಣೆಯಲ್ಲಿದ್ದಾರಂತೆ. ಮಗಳು ಸೋದರಮಾವನ ಮನೆಯಲ್ಲಿ. ಭಾನುವಾರ ಬಸ್ಸು ಸಿಕ್ಕರೆ ಹೋಗಿ ನೋಡಿಕೊಂಡು ಬರುತ್ತಾರೆ.

ಅರಕಲಗೂಡಿನ ದಾಖಲೆಯನ್ನು ಕಚೇರಿಗೆ ಕೊಟ್ಟೆ. ಅವರು ಒಪ್ಪಿಕೊಂಡರು.

ಮೊನ್ನೆ ಜೊಹಾನ್ಸ್‌ಬರ್ಗ್‌ನ ಕನ್ನಡದ ಗೆಳೆಯರೊಬ್ಬರು ನನ್ನ ಫೋನಿಗೆ ಒಂದು ವಿಡಿಯೊ ಕಳಿಸಿದರು. ಎಲ್ಲೆಲ್ಲಿಂದಲೋ ದಾಟಿ ಅವರವರೆಗೆ ಬಂದಿತ್ತು. ‘ನಮ್ಮ ಕಡೆ ಬಂಕುಗಳಲ್ಲಿ ಎಂಥ ಮೋಸ ನೋಡಿ, ಈ ಹಿರಿಯರ ಧೈರ್ಯ ಮೆಚ್ಚಬೇಕು’ ಎಂದು ಮೇಲೆ ಬರೆದಿದ್ದರು. ಅದು ನಾನೆಂದು ಅವರಿಗೆ ತಿಳಿದಿಲ್ಲ. ಕೂಗಿ ಕೂಗಿ ದನಿಯೂ ನನ್ನದಲ್ಲದಂತಿದೆ, ತಿಳಿಯುವ ಹಾಗೂ ಇಲ್ಲ. ಭಾವ ನನ್ನ ಹಿಂದೆ ನಿಂತು ತೆಗೆದದ್ದು, ಅದರಲ್ಲಿ ನನ್ನ ಬೆನ್ನು ಮತ್ತು ಟೋಪಿ ಮಾತ್ರ ಕಾಣುತ್ತವೆ. ಮುಖ ಸ್ಪಷ್ಟವಾಗಿ ಕಾಣುವುದು ಆಕೆಯದ್ದು.